ಸಿಸ್ಟರ್ ಹಾಕುತ್ತಿದ್ದ ಗೀಟು

ನನಗೆ ಸಂಖ್ಯಾಶಾಸ್ತ್ರ ಕಲಿಸಿದವರು ಮೂವರು. ಇಬ್ಬರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ದೊಡ್ಡ ವಿದ್ವಾಂಸರು. ಮೂರನೆಯವರು ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಮೂವತ್ತೈದೇ ಅಂಕ ತೆಗೆದು ನರ್ಸ್ ತರಬೇತಿಗೆ ಸೇರಿದವರು. ಮೊದಲಿಬ್ಬರು ಹೇಳಿದ್ದನ್ನು ಪರೀಕ್ಷೆ ಮುಗಿದ ವಾರಕ್ಕೇ ಅರ್ಧ ಮರೆತೆ. ಮೂರನೆಯವರು ಹೇಳಿದ್ದನ್ನು ಮರೆಯೋಣವೆಂದರೂ ಆಗಿಲ್ಲ. ಕಳೆದ ತಿಂಗಳು ಅವರು ಕಂಪ್ಲಿಯಲ್ಲಿ ಅಣ್ಣನ ಮನೆಯಲ್ಲಿ ತೀರಿಕೊಂಡರು. ಸುದ್ದಿ ತಡವಾಗಿ ಸಿಕ್ಕಿದ್ದರಿಂದ ಮಣ್ಣಿಗೆ ಹೋಗಲಿಕ್ಕೂ ಆಗಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿಗಳ ನಡುವೆ ಎಲ್ಲರಿಗೂ ಅವರು ಬರೀ ‘ಸಿಸ್ಟರ್’. ಅವರಿಗಿಂತ ಹಿರಿಯರಾದ ಡಾಕ್ಟರೂ ಹಾಗೇ ಕರೆಯುತ್ತಿದ್ದರು, ಬಸ್ಸಿನ ಕಂಡಕ್ಟರೂ ಹಾಗೇ ಕರೆಯುತ್ತಿದ್ದ. ಅಕ್ಕಿ ಗಿರಣಿ ನಡೆಸುವ ಅವರ ಸ್ವಂತ ಅಣ್ಣ ಕೂಡ ನಾಲ್ಕು ಜನರ ಎದುರು ‘ನಮ್ಮ ಸಿಸ್ಟರ್ ಬಂದಾರ’ ಎನ್ನುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ.

ನಾನು ಅವರನ್ನು ಮೊದಲು ಕಂಡಾಗ ನನಗೆ ಇಪ್ಪತ್ನಾಲ್ಕು ವರ್ಷ. ಎಂ.ಎಸ್ಸಿ. ಮುಗಿಸಿ, ತಲೆಯಲ್ಲಿ ಗಾಳಿ ತುಂಬಿಕೊಂಡು, ಹೊಸಪೇಟೆಯಲ್ಲಿ ಆಗ ನಡೆಯುತ್ತಿದ್ದ ಒಂದು ಆರೋಗ್ಯ ಯೋಜನೆಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಕೆಲಸಕ್ಕೆ ಸೇರಿದ್ದೆ. ಊರು ಮಲಪನಗುಡಿ, ಹತ್ತಿರವೇ. ದಿನಾ ಬೈಕಿನಲ್ಲಿ ಬಂದು ಏ.ಸಿ. ಇದ್ದ ಕೋಣೆಯಲ್ಲಿ ಕೂತು ಕಂಪ್ಯೂಟರ್ ಕುಟ್ಟುವುದು ನನ್ನ ಕೆಲಸ. ಸಿಸ್ಟರ್ ಆಗ ಐವತ್ತೈದು ದಾಟಿದವರು. ಸುಮಾರು ಮೂವತ್ತು ವರ್ಷ ಹಳ್ಳಿ ತಿರುಗಿದ ಮೇಲೆ, ಉಪಕೇಂದ್ರಗಳ ನರ್ಸುಗಳನ್ನು ನೋಡಿಕೊಳ್ಳಲು ಅವರನ್ನು ಈ ಯೋಜನೆಗೆ ಹಾಕಿದ್ದರು. ಮೊದಲ ದಿನ ಬಗಲಲ್ಲಿ ಐದಾರು ರಿಜಿಸ್ಟರ್ ಇಟ್ಟುಕೊಂಡು ಒಳಗೆ ಬಂದವರು ನನ್ನ ಮುಖ ನೋಡುವ ಮೊದಲು ಬೂಟು ನೋಡಿದರು.

"ಈ ಬೂಟು ಹಾಕ್ಕೊಂಡು ಗುಡ್ಡ ಹತ್ತಾಕ ಆಗಂಗಿಲ್ಲ ತಮ್ಮಾ."

"ನಾನು ಗುಡ್ಡ ಹತ್ತಂಗಿಲ್ರಿ ಸಿಸ್ಟರ್. ನನ್ನ ಕೆಲಸ ಇಲ್ಲೇ, ಕುಂತಲ್ಲೇ."

"ಹಂಗಾದ್ರ ನಿನ್ನ ಲೆಕ್ಕನೂ ಇಲ್ಲೇ ಕುಂದ್ರತೈತಿ ಬಿಡು" ಎಂದು ರಿಜಿಸ್ಟರುಗಳನ್ನು ಮೇಜಿನ ಮೇಲಿಟ್ಟರು. ನನಗೆ ಸಿಟ್ಟು ಬಂತು. ಆಗ ನನಗೆ ಬೇಗ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ.

ನಮ್ಮ ಕೆಲಸವನ್ನು ಸರಳವಾಗಿ ಹೇಳುವುದಾದರೆ ಇಷ್ಟು. ಒಂದೊಂದು ಊರಿನ ಬಸುರಿ ಹೆಂಗಸರು ತಿಂಗಳಿಗೆ ಎಷ್ಟು ಸಲ ಉಪಕೇಂದ್ರಕ್ಕೆ ಬಂದರು ಎಂದು ಎಣಿಸಬೇಕು. ಪ್ರತಿ ಹೆಂಗಸಿಗೆ ಒಂದು ಸಾಲು, ಪ್ರತಿ ತಿಂಗಳಿಗೆ ಒಂದು ಚೌಕ. ಎಲ್ಲಿ ಹೆಚ್ಚು ಬರುತ್ತಾರೆ, ಎಲ್ಲಿ ಬರುವುದಿಲ್ಲ ಎಂದು ನೋಡಿ, ನರ್ಸುಗಳನ್ನು ಯಾವ ಊರಿಗೆ ಹಾಕಬೇಕು ಎಂದು ಸಲಹೆ ಕೊಡಬೇಕು. ಪಟ್ಟಿಗಳು ಬಂದವು. ನೋಡಿದರೆ ಬರೀ ಸೊನ್ನೆ. ಎಲ್ಲೋ ಒಂದು ಎರಡು, ಎಲ್ಲೋ ಒಂದು ಮೂರು, ಉಳಿದದ್ದೆಲ್ಲ ಸೊನ್ನೆ. ಕಾಲೇಜಿನಲ್ಲಿ ಕಲಿತ ಸಾಮಾನ್ಯ ಸೂತ್ರಗಳು ಇಷ್ಟೊಂದು ಸೊನ್ನೆಗಳನ್ನು ತಾಳಿಕೊಳ್ಳುವುದಿಲ್ಲ. ಅದಕ್ಕೆಂದೇ ಬೇರೆ ಮಾದರಿ ಇದೆ. ಅದು ಸೊನ್ನೆಗಳನ್ನು ಎರಡು ಗುಂಪು ಮಾಡುತ್ತದೆ. ಏನೇ ಆದರೂ ಬರದೇ ಇರುವವರ ಸೊನ್ನೆ ಒಂದು. ಬರಬಹುದಾಗಿತ್ತು, ಆದರೆ ಈ ಸಲ ಬರಲಿಲ್ಲ ಎನ್ನುವವರ ಸೊನ್ನೆ ಇನ್ನೊಂದು. ಯಾವ ಹೆಂಗಸು ಯಾವ ಗುಂಪಿಗೆ ಸೇರಿರಬಹುದು ಎಂಬ ಸಂಭವವನ್ನು ಕಂಪ್ಯೂಟರ್ ಹೇಳುತ್ತದೆ.

ಆ ಮಾದರಿ ನಮ್ಮ ಪಟ್ಟಿಗೆ ಮೊದಲ ಸಲ ಸರಿಯಾಗಿ ಹೊಂದಿದ ದಿನ ನಾನು ಕುಣಿಯುವುದೊಂದು ಬಾಕಿ. ಆ ಕೋಣೆಯಲ್ಲಿ ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲ, ಸಿಸ್ಟರ್ ಇದ್ದರು. ಅವರು ಸ್ಟೀಲ್ ಡಬ್ಬಿಯಿಂದ ಕುದಿಸಿದ ಶೇಂಗಾ ಸುಲಿದು ತಿನ್ನುತ್ತಾ, ನಾನು ಹೇಳಿದ್ದನ್ನೆಲ್ಲ ಕೇಳಿದರು.

"ಇದರಾಗ ಏನೈತಿ ಹೊಸಾದು? ನಮ್ಮನ್ಯಾಗ ಶಿವರಾತ್ರಿ ದಿನ ಎಷ್ಟು ರೊಟ್ಟಿ ತಿಂದ್ರಿ ಅಂತ ಕೇಳು. ಉಪವಾಸ ಇದ್ದವರೂ ಸೊನ್ನಿ ಅಂತಾರ, ರೊಟ್ಟಿ ಸಿಗದವರೂ ಸೊನ್ನಿ ಅಂತಾರ. ಎರಡೂ ಒಂದೇನು?"

ಎರಡು ವಾರ ಪುಸ್ತಕ ಹಿಡಿದು ಒದ್ದಾಡಿದ್ದನ್ನು ಅವರು ಒಂದು ಹಿಡಿ ಶೇಂಗಾ ಮುಗಿಯುವುದರೊಳಗೆ ಹೇಳಿಬಿಟ್ಟರು. ಆಮೇಲೆ ಕೇಳಿದರು, "ನಿನ್ನ ಮಿಷನ್ನು ಯಾಕಿ ಯಾವ ಗುಂಪು ಅಂತ ಹೆಸರು ಹೇಳತೈತೇನು?"

"ಹೆಸರಲ್ರಿ. ಇಷ್ಟು ಸಂಭವ ಅಂತ ಹೇಳತೈತಿ."

"ಹಂಗಾದ್ರ ಬರ್ಕೋ. ಹೆಸರು ನಾನು ಹೇಳ್ತೀನಿ."

ಪಟ್ಟಿ ಹಿಡಿದು ಹೇಳುತ್ತಾ ಹೋದರು. ಈಕೆ ಚೊಚ್ಚಲ ಬಸುರಿ, ಐದನೇ ತಿಂಗಳಿಗೇ ತವರಿಗೆ ಹೋಗಿದ್ದಾಳೆ, ಅಲ್ಲಿಯ ನರ್ಸಿನ ಪಟ್ಟಿಯಲ್ಲಿ ನೋಡು. ಈಕೆಯ ಗಂಡನಿಗೆ ದೋಣಿಮಲೈ ಗಣಿಯಲ್ಲಿ ಕೆಲಸ, ಕಂಪನಿ ದವಾಖಾನೆಗೆ ಹೋಗುತ್ತಾಳೆ, ನಮ್ಮಲ್ಲಿಗೆ ಬರುವುದೇ ಇಲ್ಲ. ಈಕೆಗೆ ಮೊದಲು ಎರಡು ಸಲ ಕೂಸು ಉಳಿಯಲಿಲ್ಲ, ಹೆದರಿ ಹೊರಗೇ ಬರುತ್ತಿಲ್ಲ, ನಾಡಿದ್ದು ನಾನೇ ಹೋಗಬೇಕು. ಮೂರನೆಯದನ್ನು ಹೇಳುವಾಗ ಅವರ ಕೈ ಶೇಂಗಾ ಸುಲಿಯುವುದನ್ನು ನಿಲ್ಲಿಸಿತ್ತು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅವತ್ತೇ ಇರಬೇಕು. ಆದರೆ ಪ್ರೀತಿ ಇದ್ದಷ್ಟಕ್ಕೆ ಬುದ್ಧಿ ಬರುವುದಿಲ್ಲವಲ್ಲ.

ಹಳ್ಳಿಗಳಲ್ಲಿ ಅವರ ಬಾಯಿ ದೊಡ್ಡದು. ಸಂಡೂರಿನ ಕಡೆ ರಕ್ತ ಕಡಿಮೆಯಾದ ಬಸುರಿಯರು ಕಬ್ಬಿಣದ ಮಾತ್ರೆಯನ್ನು ಗೋಡೆಯ ಗೂಡಿನಲ್ಲಿಟ್ಟು ಮರೆಯುತ್ತಿದ್ದರು. ಸಿಸ್ಟರ್ ಆ ಗೂಡಿಗೇ ನೇರವಾಗಿ ಕೈ ಹಾಕಿ ಮಾತ್ರೆ ತೆಗೆಯುತ್ತಿದ್ದರು. "ನಿಮ್ಮ ಗುಡ್ಡದ ಕಬ್ಬಿಣ ಹಡಗು ಹತ್ತಿ ಪರದೇಶಕ್ಕ ಹೊಂಟೈತಿ, ನಿನ್ನ ಮೈಯಾಗ ಒಂದು ಗುಂಡುಸೂಜಿಯಷ್ಟು ಇಲ್ಲಲ್ಲ ತಂಗಿ! ನುಂಗು, ನನ್ನ ಮುಂದ ನುಂಗು." ಗಂಡಸರನ್ನು ಬೈಯುವುದಕ್ಕೆ ಮಾತ್ರ ಅವರು ಹೊರಗೆ, ಕಟ್ಟೆಯವರೆಗೆ ಕರೆದುಕೊಂಡು ಹೋಗುತ್ತಿದ್ದರು. ಹೆಂಡತಿಯ ಎದುರು ಬೈಸಿಕೊಂಡವನು ಆ ಸಿಟ್ಟನ್ನು ಹೆಂಡತಿಯ ಮೇಲೆಯೇ ತೀರಿಸಿಕೊಳ್ಳುತ್ತಾನೆ ಎಂಬುದು ಅವರ ಲೆಕ್ಕ. ಒಮ್ಮೆ ಹಂಪಿಯಲ್ಲಿ ತರಬೇತಿ ಇಟ್ಟಿದ್ದಾಗ ಎಲ್ಲರೂ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರೆ, ಇವರು ಬಳೆ ಮಾರುವ ಏಳು ತಿಂಗಳ ಬಸುರಿಯೊಬ್ಬಳನ್ನು ನೆರಳಿಗೆ ಕೂರಿಸಿ ಅವಳ ಕಾಲಿನ ಬಾವು ಒತ್ತಿ ನೋಡುತ್ತಿದ್ದರು. ಆ ದಿನದ ಗುಂಪು ಫೋಟೊದಲ್ಲಿ ಸಿಸ್ಟರ್ ಇಲ್ಲ.

ಮದುವೆಯಾಗಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದೆ. "ಬಸ್ಸು ತಪ್ಪೋಗಬಾರದು ಅಂತ ದಿನಾ ಓಡಿದ್ನೆಪ್ಪಾ, ಅದರಾಗ ಅದೊಂದು ತಪ್ಪೋತು" ಎಂದು ನಕ್ಕರು. ಎರಡನೆಯ ಸಲ ಕೇಳುವ ಧೈರ್ಯ ನನಗಾಗಲಿಲ್ಲ.

ಇನ್ನು ಆ ಗೀಟಿನ ಕಥೆ. ಸಿಸ್ಟರ್ ತಮ್ಮ ಕೈಕೆಳಗಿನ ನರ್ಸುಗಳಿಗೆಲ್ಲ ಒಂದು ಪದ್ಧತಿ ಕಲಿಸಿದ್ದರು. ನರ್ಸು ಕೇಂದ್ರದಲ್ಲಿದ್ದು, ಮನೆಗೂ ಹೋಗಿ ವಿಚಾರಿಸಿ, ಆ ತಿಂಗಳು ಆ ಹೆಂಗಸು ಬಂದಿಲ್ಲ ಎಂದು ಖಾತ್ರಿಯಾದರೆ ಸೊನ್ನೆ. ಕೇಂದ್ರ ಮುಚ್ಚಿದ್ದರೆ, ಅಥವಾ ವಿಚಾರಿಸಲು ಆಗದೇ ಹೋದರೆ, ಆ ಚೌಕದಲ್ಲಿ ಒಂದು ಅಡ್ಡ ಗೀಟು. ಸರ್ಕಾರಿ ನಮೂನೆಯಲ್ಲಿ ಹೀಗೆಂದು ಎಲ್ಲೂ ಬರೆದಿರಲಿಲ್ಲ. ಇದು ಅವರದೇ ಪದ್ಧತಿ. ಮೊದಲ ವಾರವೇ ನನಗೂ ಹೇಳಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ನಾನು ಹ್ಞೂಂ ಹ್ಞೂಂ ಎಂದಿದ್ದೆ.

ನನ್ನ ಕಂಪ್ಯೂಟರ್ ಅಂಕಿ ಬಿಟ್ಟು ಬೇರೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಗೀಟು ಕಂಡಲ್ಲೆಲ್ಲ ಕೆಂಪು ತೋರಿಸಿ ನಿಂತುಬಿಡುತ್ತಿತ್ತು. ಒಂದು ಮಧ್ಯಾಹ್ನ ಬೇಸರ ಬಂದು, ಗೀಟು ಇದ್ದಲ್ಲೆಲ್ಲ ಸೊನ್ನೆ ಹಾಕು ಎಂದು ಒಂದೇ ಆಜ್ಞೆ ಕೊಟ್ಟೆ. ಚಹಾ ಆರುವುದರೊಳಗೆ ಕೆಲಸ ಮುಗಿಯಿತು. ಯಾರನ್ನೂ ಕೇಳಲಿಲ್ಲ.

ಎರಡು ವಾರದ ಮೇಲೆ ವರದಿ ಹೋಯಿತು. ನರ್ಸಿನ ಅಗತ್ಯ ತೀರಾ ಕಡಿಮೆ ಇರುವ ಊರುಗಳ ಪಟ್ಟಿಯಲ್ಲಿ ಮೊದಲನೆಯದು ಸಂಡೂರಿನ ಗುಡ್ಡದ ಆಚೆಗಿನ ಒಂದು ಸಣ್ಣ ಊರು. ಅಲ್ಲಿಯ ನರ್ಸನ್ನು ರಸ್ತೆ ಪಕ್ಕದ ದೊಡ್ಡ ಊರಿಗೆ ಹಾಕಬಹುದು ಎಂದು ನಾನೇ ಬರೆದಿದ್ದೆ. ಆದೇಶದ ಕರಡು ತಯಾರಾಯಿತು, ಶುಕ್ರವಾರದ ಮೀಟಿಂಗಿನಲ್ಲಿ ಸಹಿ ಆಗುವುದಿತ್ತು. ಬುಧವಾರ ಸಿಸ್ಟರ್ ಆ ಪಟ್ಟಿ ಹಿಡಿದುಕೊಂಡು ಬಂದರು. ಬೈಯಲಿಲ್ಲ. "ನಾಳೆ ಬೂಟು ಬಿಟ್ಟು ಚಪ್ಪಲಿ ಹಾಕ್ಕೊಂಡು ಬಾ" ಎಂದರು.

ಸಂಡೂರಿನವರೆಗೆ ಸರ್ಕಾರಿ ಬಸ್ಸು. ಅಲ್ಲಿಂದ ಗಣಿ ಕಂಪನಿಯ ಸ್ಟಾಫ್ ಬಸ್ಸು. ಹೊರಗಿನವರನ್ನು ಹತ್ತಿಸಬಾರದೆಂದು ನಿಯಮವಿದ್ದರೂ ಡ್ರೈವರ್ ಸಿಸ್ಟರನ್ನು ಕಂಡು ಬ್ರೇಕ್ ಹಾಕಿದ. ಅವನ ಇಬ್ಬರು ಮಕ್ಕಳ ಹೆರಿಗೆ ಇವರ ಕೈಯಲ್ಲೇ ಆದದ್ದಂತೆ. ಕೊನೆಗೆ ಎರಡು ಮೈಲಿ ನಡಿಗೆ, ಅದಿರಿನ ಕೆಂಪು ಧೂಳಿನಲ್ಲಿ. ಕೇಂದ್ರದ ಬಾಗಿಲು ತೆರೆದಿತ್ತು. ಒಳಗೆ ಮರಿಯಮ್ಮನಹಳ್ಳಿಯಿಂದ ಬಂದ ಇನ್ನೂ ಚಿಕ್ಕ ವಯಸ್ಸಿನ ನರ್ಸು, ಪಕ್ಕದ ತೊಟ್ಟಿಲಲ್ಲಿ ಅವಳ ಏಳು ತಿಂಗಳ ಕೂಸು. ಹಿಂದಿನ ತಿಂಗಳಷ್ಟೇ ಹೆರಿಗೆ ರಜೆ ಮುಗಿಸಿ ಬಂದಿದ್ದಳು. ಅವಳು ರಜೆಯಲ್ಲಿದ್ದ ಆರು ತಿಂಗಳು ಬದಲಿ ನರ್ಸು ಬರಲೇ ಇಲ್ಲ, ಕೇಂದ್ರಕ್ಕೆ ಬೀಗ. ಆ ಆರು ತಿಂಗಳಿಗೆ ಸಿಸ್ಟರೇ ಗೀಟು ಎಳೆದಿದ್ದರು. ನಾನು ಅವನ್ನೆಲ್ಲ ಸೊನ್ನೆ ಮಾಡಿದ್ದೆ.

ಸಿಸ್ಟರ್ ನನ್ನನ್ನು ಮನೆಮನೆಗೆ ಕರೆದುಕೊಂಡು ಹೋದರು. ಮೂರನೆಯ ಮನೆಯಲ್ಲಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ನೀನು ಬಸುರಿದ್ದಾಗ ಸೆಂಟರ್‌ಗೆ ಎಷ್ಟು ಸರ್ತಿ ಹೋಗಿದ್ದಿ? ಇವರಿಗೆ ಹೇಳು" ಎಂದರು ಸಿಸ್ಟರ್.

"ನಾಕು ಸರ್ತಿ ಹೋಗಿದ್ನ್ರಿ. ನಾಕೂ ಸರ್ತಿ ಬಾಗಲಕ್ಕ ಕೀಲಿ ಇತ್ತು. ಕಡೀ ಸರ್ತಿ ಭಾಳ ತಲಿ ತಿರುಗಾಕ ಹತ್ತಿತ್ತು, ಅಲ್ಲೇ ಕಟ್ಟಿಮ್ಯಾಲೆ ಕುಂತಿದ್ದೆ. ಲಾರಿಯವರು ಯಾರೋ ನೋಡಿ ಸಂಡೂರಿಗೆ ಒಯ್ದ್ರು. ಇಲ್ಲಂದ್ರ ಇದೂ ಇರತಿರಲಿಲ್ಲ, ನಾನೂ ಇರತಿರಲಿಲ್ಲ" ಎಂದು ಕೂಸಿನ ಬೆನ್ನು ತಟ್ಟಿದಳು.

ನನ್ನ ಪಟ್ಟಿಯಲ್ಲಿ ಅವಳ ಸಾಲು ಹುಡುಕಿದೆ. ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ಏನೇ ಆದರೂ ಬರದೇ ಇರುವವರ ಗುಂಪು, ಸಂಭವ ಬಹಳ ಹೆಚ್ಚು ಎಂದು ಮಾದರಿ ಹೇಳಿತ್ತು. ನನಗೆ ಆ ಮನೆಯಲ್ಲಿ ನಿಲ್ಲಲು ಆಗಲಿಲ್ಲ, ಹೊರಗೆ ಬಂದು ನಿಂತೆ. ನಾಚಿಕೆ ಎಂದರೆ ಏನೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಸಿಸ್ಟರ್ ಅರ್ಧ ದಾರಿ ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ಅಂದರು, "ನಾಳಿ ಮೀಟಿಂಗ್‌ನಾಗ ನೀನ ಹೇಳು. ತಪ್ಪು ಎಲ್ಲಾರೂ ಮಾಡ್ತಾರ. ಹೇಳಿದ್ರ ಊರಿಗೆ ನರ್ಸು ಉಳೀತಾಳ."

"ಹೇಳ್ತೀನ್ರಿ ಸಿಸ್ಟರ್" ಎಂದೆ. ನಿಜವಾಗಿಯೂ ಹೇಳಬೇಕೆಂದೇ ಇದ್ದೆ.

ಶುಕ್ರವಾರದ ಮೀಟಿಂಗಿನಲ್ಲಿ ಯೋಜನೆಯ ಮೇಲಧಿಕಾರಿ ಕೆಟ್ಟ ಸಿಟ್ಟಿನಲ್ಲಿದ್ದರು. ನರ್ಸುಗಳೆಲ್ಲ ಹಿಂದಿನ ಸಾಲಿನಲ್ಲಿ ಕೂತಿದ್ದರು. ಆ ಊರಿನ ಅಂಕಿಗಳಲ್ಲಿ ತಪ್ಪಿದೆ ಎಂದು ಸಿಸ್ಟರ್ ಹೇಳಿದ ಕೂಡಲೇ ಅಧಿಕಾರಿ ಮೇಜು ಗುದ್ದಿದರು. "ಯಾರು ಮಾಡಿದ್ದು ಇದನ್ನ? ಎದ್ದು ನಿಲ್ಲಲಿ!" ಎಂದರು. ನನ್ನ ಕಾಂಟ್ರ್ಯಾಕ್ಟ್ ಮುಂದುವರಿಸುವ ಕಡತ ಅವರ ಎದುರಿಗೇ, ಸಹಿಯಾಗದೆ ಬಿದ್ದಿತ್ತು. ಏಳಬೇಕು ಎಂದುಕೊಂಡೆ. ಏಳಲಿಲ್ಲ. ಸಿಸ್ಟರ್ ನನ್ನ ಕಡೆ ಒಮ್ಮೆ ನೋಡಿದರು. ಸ್ವಲ್ಪ ಹೊತ್ತು ಕಾದರು. ಆಮೇಲೆ ಅವರೇ ಎದ್ದರು.

"ನಂದ್ರಿ ಸರ್. ಗೀಟು ಹಾಕೋ ಕಡೆ ಸೊನ್ನಿ ಹಾಕಿ ಕಳಿಸೀನಿ. ವಯಸ್ಸಾತು, ಕಣ್ಣು ಮಂಜಾಗ್ಯಾವ."

"ಇಷ್ಟು ವರ್ಷ ಸರ್ವಿಸ್ ಮಾಡಿ ಇದೇನ್ರೀ ಸಿಸ್ಟರ್?"

"ತಪ್ಪಾತ್ರಿ. ಆ ನರ್ಸನ್ನ ಮಾತ್ರ ಅಲ್ಲೇ ಬಿಡ್ರಿ ಸರ್."

ನರ್ಸು ಅಲ್ಲೇ ಉಳಿದಳು. ಸಿಸ್ಟರಿಗೆ ಮೆಮೊ ಬಂತು. ಇಡೀ ಸೇವೆಯಲ್ಲಿ ಅದೇ ಮೊದಲನೆಯದು. ಆ ವರ್ಷ ಉತ್ತಮ ಸೇವೆಯ ಪ್ರಶಸ್ತಿಗೆ ಅವರ ಹೆಸರು ಕಳಿಸುವುದೆಂದು ನಿರ್ಧಾರವಾಗಿತ್ತು, ಅತ್ತಿಗೆ ಅದಕ್ಕೆಂದೇ ಒಂದು ಇಳಕಲ್ ಸೀರೆ ತಂದಿಟ್ಟಿದ್ದರು. ಮೆಮೊ ಪಡೆದವರ ಹೆಸರು ಕಳಿಸಲು ಬರುವುದಿಲ್ಲ ಎಂದು ಪಟ್ಟಿಯಿಂದ ತೆಗೆದರು. ನನ್ನ ಕಾಂಟ್ರ್ಯಾಕ್ಟ್ ಮುಂದುವರಿಯಿತು.

ಅವತ್ತು ಮೀಟಿಂಗು ಮುಗಿದ ಮೇಲೆ ಮೆಟ್ಟಿಲ ಹತ್ತಿರ ಅವರನ್ನು ತಡೆದು "ಸಿಸ್ಟರ್, ನಾನು..." ಎಂದೆ. ಅವರು ನನ್ನ ತೋಳು ಹಿಡಿದುಕೊಂಡರು. "ಹಸಿವಾಗೇತಿ ನಡಿ, ಮಿರ್ಚಿ ತಿನ್ನೂಣು" ಎಂದು ಕರೆದುಕೊಂಡು ಹೋದರು. ತಿನ್ನುವಾಗ ನಾನು ಅಳುತ್ತಿದ್ದುದಕ್ಕೆ "ಭಾಳ ಖಾರ ಆತೇನು?" ಎಂದು ನೀರು ಕೊಟ್ಟರು. ಅಂಗಡಿಯಲ್ಲಿ ಜನ ಇದ್ದರು, ಅದಕ್ಕೆ.

ಇದೆಲ್ಲ ಆಗಿ ಒಂಬತ್ತು ವರ್ಷ ಕಳೆದಿದೆ. ಮೂರನೇ ವರ್ಷಕ್ಕೆ ಸಿಸ್ಟರ್ ನಿವೃತ್ತರಾದರು. ಅವರ ನಿವೃತ್ತಿಯ ದಿನ ಅದೇ ಇಳಕಲ್ ಸೀರೆ ಉಟ್ಟು ಬಂದಿದ್ದರು. ಭಾಷಣ ಮಾಡಿದವರೊಬ್ಬರು, ಸಿಸ್ಟರ್ ಇಷ್ಟು ವರ್ಷದಲ್ಲಿ ಮಾಡಿದ್ದು ಒಂದೇ ಒಂದು ತಪ್ಪು, ಅದನ್ನೂ ತಾವೇ ಎದ್ದು ಒಪ್ಪಿಕೊಂಡರು ಎಂದು ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನ ಕೈಗೆ ಮೈಕು ಬಂತು. ನಾನು ಶೇಂಗಾದ ಬಗ್ಗೆ, ಕಬ್ಬಿಣದ ಮಾತ್ರೆಯ ಬಗ್ಗೆ ಹೇಳಿ ಎಲ್ಲರನ್ನೂ ನಗಿಸಿ ಕೂತೆ. ಸಿಸ್ಟರೂ ನಕ್ಕರು. ಆಮೇಲೆ ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಯೋಜನೆಯೂ ಮುಗಿಯಿತು. ವರ್ಷಕ್ಕೊಮ್ಮೆಯಾದರೂ ಕಂಪ್ಲಿಗೆ ಹೋಗಿ ಅವರ ಕೈಯ ಊಟ ಮಾಡಿ ಬರುತ್ತಿದ್ದೆ. ಮಕ್ಕಳಿಗೆ ಈ ಸೊನ್ನೆಗಳ ಪಾಠ ಮಾಡುವಾಗ ರೊಟ್ಟಿಯ ಉದಾಹರಣೆ ಕೊಡುತ್ತೇನೆ ಎಂದಾಗ ಅವರಿಗೆ ತುಂಬಾ ಹಿಗ್ಗು. ಆ ಶುಕ್ರವಾರದ ವಿಷಯ ಮಾತ್ರ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೆದರಬೇಕಾದ ಕಾರಣ ಒಂದೂ ಉಳಿದಿರಲಿಲ್ಲ. ಆದರೂ ಬಾಯಿ ಬರಲಿಲ್ಲ. ಹೇಡಿತನಕ್ಕೆ ಕಾರಣ ಬೇಕಾಗುವುದಿಲ್ಲ ಎಂದು ಈಗ ಅನಿಸುತ್ತದೆ.

ಹೋದ ಭಾನುವಾರ ಹಳೆಯ ನರ್ಸುಗಳೆಲ್ಲ ಸೇರಿ ಹೊಸಪೇಟೆಯಲ್ಲಿ ಒಂದು ಸಣ್ಣ ಸಭೆ ಇಟ್ಟುಕೊಂಡಿದ್ದರು. ಸಿಸ್ಟರ್ ಫೋಟೊಗೆ ಮಲ್ಲಿಗೆ ಹಾಕಿದ್ದರು. ನನ್ನ ಸರದಿ ಬಂದಾಗ ಎದ್ದು ನಿಂತೆ, ಕುರ್ಚಿ ಹಿಡಿದುಕೊಂಡೆ. ಆ ತಪ್ಪು ಸಿಸ್ಟರದ್ದಲ್ಲ, ಸೊನ್ನೆ ಹಾಕಿದವನು ನಾನು, ಅವತ್ತು ಏಳದೆ ಕೂತವನೂ ನಾನು, ಅವರ ಹೆಸರಿಗೆ ಹತ್ತಿದ ಒಂದೇ ಕಲೆ ನನ್ನದು ಎಂದೆ. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ.

ಸಭೆ ಮುಗಿದ ಮೇಲೆ ಆ ಗುಡ್ಡದ ಊರಿನ ನರ್ಸು ನನ್ನ ಹತ್ತಿರ ಬಂದಳು. ಈಗ ಅವಳೇ ಹತ್ತು ನರ್ಸುಗಳನ್ನು ನೋಡಿಕೊಳ್ಳುವ ಹಿರಿಯಳು.

"ನಮಗ ಗೊತ್ತಿತ್ರಿ ಸರ್."

"ಯಾವಾಗಿಂದ?"

"ಅವತ್ತಿಂದನ. ನಮ್ಮ ರಿಜಿಸ್ಟರ್‌ನಾಗ ಗೀಟು ಹಂಗ ಇದ್ವಲ್ಲ. ನಾವೆಲ್ಲಾ ಸಾಹೇಬ್ರ ಹತ್ರ ಹೊಂಟಿದ್ವಿ, ಸಿಸ್ಟರ್ ಬಿಡಲಿಲ್ಲ. ಯಾರೂ ಹೋಗಬ್ಯಾಡ್ರಿ, ಹುಡುಗ ತಾನ ಹೇಳ್ತಾನ ಅಂದ್ರು."

ಅವಳು ಇನ್ನೂ ಏನೋ ಹೇಳಬೇಕೋ ಬೇಡವೋ ಎಂದು ನಿಂತಿದ್ದಳು.

"ಅವರು ಹೋಗೋಕಿಂತ ಎರಡು ದಿನ ಮುಂಚೆ ಕಂಪ್ಲಿಗೆ ಹೋಗಿದ್ನ್ರಿ ಸರ್. ಮಾತು ಭಾಳ ಕಮ್ಮಿ ಆಗಿತ್ತು. ನನ್ನ ಕೈ ಹಿಡ್ಕೊಂಡು, ಹುಡುಗ ಹೇಳಿದ್ನೇನು ಅಂತ ಕೇಳಿದ್ರು. ನಾನು, ಹ್ಞೂಂ, ಎಲ್ಲಾರ ಮುಂದೂ ಹೇಳಿದ್ರು ಅಂದೆ. ಸುಳ್ಳು ಹೇಳಿದ್ನ್ರಿ ಸರ್."

"ಏನಂದ್ರು?"

"ನನಗ ಗೊತ್ತಿತ್ತು ಅಂದ್ರು."